ಲವಂಗದೆಣ್ಣೆ ಹಾಕಿದ ಬಾಟಲಿಗಳು

ಬೆಳಿಗ್ಗೆ ಬಂದವಳೇ ಬಾಟಲಿ ತೊಳೆಯಲು ಕುಳಿತೆ. ರೂಪಶ್ರೀ ಮೇಡಂ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ತೊಟ್ಟಿಗೆ ಬಿಡುತ್ತಿದ್ದರು. ನನ್ನ ಕೈಯೆಲ್ಲ ಲವಂಗದ ವಾಸನೆ.

ನ್ಯಾಮತಿಯ ಈ ಲ್ಯಾಬಿನಲ್ಲಿ ಬಾಟಲಿಗೆ ಜೆಲ್ಲಿ ತುಂಬಿ ಬೆಳೆಸುವುದು ಬಾಳೆ ಸಸಿ. ಆರ್ಕಿಡ್ ಬೆಳೆಸುವುದು ಮೇಡಂ ಒಬ್ಬರ ಆಸೆ. ನಮ್ಮೂರು ಸವಳಂಗದಲ್ಲಿ ರಸ್ತೆ ಅಗಲ ಮಾಡುವಾಗ ನಮ್ಮ ಮನೆ ಎದುರಿನ ಮಾವಿನ ಮರ ಕಡಿದರು. ಅದರ ಕೊಂಬೆಯಲ್ಲಿದ್ದ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡ ಲಾರಿಯ ಗಾಲಿಗೆ ಸಿಕ್ಕಿತು. ಉಳಿದದ್ದು ಒಂದು ಕಾಯಿ, ಅದೂ ಬಿರಿದದ್ದು. ಮಳೆಗಾಲ ಬಂದರೆ ಆ ಹೂವನ್ನು ಒಮ್ಮೆಯಾದರೂ ಮುಡಿಯದೆ ಅವ್ವ ಇದ್ದವಳಲ್ಲ. ಕಾಯಿಯನ್ನು ಕಾಗದದಲ್ಲಿ ಸುತ್ತಿ ತಂದು ಮೇಡಂಗೆ ಕೊಟ್ಟೆ. ಬೀಜ ಹಿಟ್ಟಿನಂತಿತ್ತು.

ಅರ್ಧ ಬೀಜ ಬಿತ್ತಿದ ಬಾಟಲಿಗಳಿಗೆಲ್ಲ ಬೂಷ್ಟು ಹಿಡಿಯಿತು. ಬಿರಿದ ಕಾಯಿಯ ಬೀಜದ ಜೊತೆ ಬೂಷ್ಟೂ ಬರುತ್ತದೆಯಂತೆ. ಉಳಿದರ್ಧ ಬಿತ್ತುವಾಗ ಬೂಷ್ಟು ಬಾರದಿರಲೆಂದು ಮೇಡಂ ಜೆಲ್ಲಿಗೆ ಲವಂಗದೆಣ್ಣೆ ಬೆರೆಸಿದರು.

"ಬಿರಿಯಾನಿ ಮಾಡಾಕೆ ಹೊರಟೀರೇನ್ರಿ ಮೇಡಮ್ಮೋರೆ?" ಎಂದ ಲ್ಯಾಬಿನ ಡ್ರೈವರ್ ಪರಶುರಾಮ್. ನನ್ನ ಕಡೆ ತಿರುಗಿ, "ಇದು ಹೂ ಬಿಡೋ ಹೊತ್ತಿಗೆ ನಿಂಗೆ ಮೊಮ್ಮಕ್ಕಳು ಆಗಿರ್ತಾವೆ ತಗಾ" ಎಂದ. ಮೇಡಂ ನಕ್ಕರು. ನಾನೂ ನಕ್ಕೆ.

ಈ ಸಲ ಬೂಷ್ಟು ಬರಲಿಲ್ಲ. ಸಾಸಿವೆಗಿಂತ ಸಣ್ಣ ಹಸಿರು ಗುಂಡುಗಳು ಕಂಡ ದಿನ ಅವ್ವನಿಗೆ ಹೇಳಿದೆ.

"ಮುಡಿಯಾಕೆ ನಾನು ಇರ್ತೀನೋ ಇಲ್ಲೋ. ಗಿಡ ಇರ್ಲಿ ಬಿಡು" ಎಂದಳು.

ಆಮೇಲೆ ಗುಂಡುಗಳು ಹಳದಿಯಾದವು, ಕಂದು ಬಣ್ಣಕ್ಕೆ ತಿರುಗಿದವು. ಒಂದಕ್ಕೂ ಬೇರು ಬರಲಿಲ್ಲ. ಜೆಲ್ಲಿ ಮಾತ್ರ ಚೊಕ್ಕಟವಾಗಿಯೇ ಉಳಿಯಿತು. ಮನೆಗೆ ಹೋದಾಗ ಅವ್ವ ಕೇಳುತ್ತಿದ್ದಳು. ಬರ್ತಾ ಐತೆ ಅನ್ನುತ್ತಿದ್ದೆ.

"ಎಣ್ಣೆ ಸಸೀನೂ ಸುಟ್ಟುಬಿಡ್ತು ಲಕ್ಷ್ಮೀ" ಎಂದರು ಮೇಡಂ, ಇನ್ನೊಂದು ಬಾಟಲಿಯನ್ನು ನನ್ನ ತೊಟ್ಟಿಗೆ ಬಿಡುತ್ತ. "ಇನ್ನೂ ಕಮ್ಮಿ ಹಾಕಿ ನೋಡಬೇಕಿತ್ತು."

"ಬೀಜ ಉಳಿದೈತೇನ್ರಿ?"

"ಎಲ್ಲಿ ಉಳಿದೈತೆ."

ಪರಶುರಾಮ್ ಬಾಳೆ ಸಸಿಯ ಕ್ರೇಟುಗಳನ್ನು ತಂದ. ಆರ್ಕಿಡ್ ಇದ್ದ ಗೂಡು ಇವತ್ತೇ ಖಾಲಿಯಾಗಬೇಕು, ಮಾಲೀಕರು ಹೇಳಿದ್ದಾರೆ. ಅಲ್ಲಿ ಒಂದೇ ಬಾಟಲಿ ಉಳಿದಿತ್ತು. ಅದರೊಳಗಿನ ಒಂದು ಗುಂಡು ಪೂರ್ತಿ ಕಂದಾಗಿರಲಿಲ್ಲ. ಒಂದು ಬದಿ ಹಸಿರಿದ್ದಂತೆ ನನಗೆ ಕಂಡಿತು. ಮೇಡಂ ಅದನ್ನು ತುಂಬ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಮುಚ್ಚಳಕ್ಕೆ ಕೈ ಹಾಕಿದರು. ಪರಶುರಾಮ್ ಕ್ರೇಟು ಹಿಡಿದುಕೊಂಡೇ ನೆಲ ನೋಡುತ್ತ ನಿಂತ.

"ಅದೊಂದು ಇನ್ನೊಂದು ವಾರ ಇರ್ಲಿ ಬಿಡ್ರಿ ಮೇಡಂ" ಎಂದೆ.

ಮುಚ್ಚಳ ತಿರುಗಿತು, ಬಾಟಲಿ ನನ್ನ ತೊಟ್ಟಿಗೆ ಬಂತು.