ಬಲಸೆರಗಿನ ಮುಖಪುಟ

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ದೀಪಾ ಒಂದು ಅಂಗಡಿ ಇಟ್ಟುಕೊಂಡಿದ್ದಾಳೆ. ಬೋರ್ಡಿನಲ್ಲಿ ಬೊಟಿಕ್ ಅಂತ ಬರೆಸಿದ್ದಾಳೆ. ಬರುವವರೆಲ್ಲ ಟೈಲರ್ ಅಂಗಡಿ ಅಂತಲೇ ಅನ್ನುತ್ತಾರೆ, ಅದಕ್ಕೆ ಅವಳಿಗೇನೂ ಬೇಜಾರಿಲ್ಲ. ಆ ದಿನ ಮಧ್ಯಾಹ್ನ ಅವಳು ಗಾಜಿನ ಶೋಕೇಸಿನಿಂದ ಒಂದು ಹಳೆಯ ಪತ್ರಿಕೆ ತೆಗೆದಳು, ದುಪಟ್ಟಾದ ಅಂಚಿನಿಂದ ಒರೆಸಿ ಬ್ಯಾಗಿಗೆ ಹಾಕಿಕೊಂಡಳು, ಶಟರ್ ಎಳೆದು ಹೊಳಲ್ಕೆರೆ ಬಸ್ಸು ಹತ್ತಿದಳು. ಅವಳ ಅಜ್ಜಿ ಜುಂಜಮ್ಮ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಗೋಡೆಗೆ ಹಾಕಲು ಒಂದು ಫೋಟೊ ಆಗಬೇಕಿತ್ತು. ಅಜ್ಜಿಯದು ಅಂತ ಇದ್ದದ್ದೇ ಎರಡು. ಒಂದು ಆಧಾರ್ ಕಾರ್ಡಿನದು, ಇನ್ನೊಂದು ಈ ಪತ್ರಿಕೆಯ ಮುಖಪುಟ.

ಅಜ್ಜಿಯ ಮಗ, ಅಂದರೆ ದೀಪಾಳ ಚಿಕ್ಕಪ್ಪ ಜುಂಜೇಶ್, ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದ. "ಬುಕ್ಕಿಂದೇ ಹಾಕ್ಸವ್ವ, ಚೆನ್ನಾಗೈತೆ. ಆದ್ರೆ ಸೆರಗು ಉಲ್ಟಾ ಐತಲ್ಲ, ಅದನ್ನ ತಿರುಗ್ಸು. ನಾಳೆ ನೆಂಟ್ರು ಬಂದು ನೋಡಿ, ಜುಂಜಮ್ಮ ಯಾವತ್ತು ಎಡಕ್ಕೆ ಸೆರಗು ಹಾಕಿದ್ಲು ಅಂದ್ರೆ ಏನ್ ಹೇಳಾಣ?"

ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ದೀಪಾಳ ಮನಸ್ಸು ಒಪ್ಪುತ್ತಿರಲಿಲ್ಲ. ಬಸ್ಸು ಊರು ದಾಟುವಷ್ಟರಲ್ಲಿ ಆ ಪತ್ರಿಕೆ ಮಾಡಿದ ದಿನಗಳೆಲ್ಲ ನೆನಪಾಗತೊಡಗಿದವು.

ಆಗ ಅವಳು ಚಿತ್ರದುರ್ಗದಲ್ಲಿ ಬಟ್ಟೆ ವಿನ್ಯಾಸದ ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಮೂವರು ಸೇರಿ ಒಂದು ಫ್ಯಾಷನ್ ಪತ್ರಿಕೆ ರೂಪಿಸಿ, ಅಚ್ಚು ಹಾಕಿಸಿ ಕೊಡಬೇಕು. ದೀಪಾಳ ತಂಡದಲ್ಲಿ ಬಿಂದು ಮತ್ತು ಚೇತನ್‌ಕುಮಾರ್. ಬಿಂದು ಹೊಳಲ್ಕೆರೆಯ ಬಟ್ಟೆ ಅಂಗಡಿಯವರ ಮಗಳು. ಕಂಪ್ಯೂಟರಿನಲ್ಲಿ ಪುಟ ಕಟ್ಟಲು ಕೂತರೆ ಅವಳಿಗೆ ಊಟ ತಿಂಡಿ ಬೇಡ. ಚೇತನ್‌ಕುಮಾರ್ ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಫೋನು ಇದ್ದವನು, ಆ ಒಂದೇ ಯೋಗ್ಯತೆಯಿಂದ ಫೋಟೊಗ್ರಾಫರ್ ಆದವನು.

ಉಳಿದ ತಂಡಗಳೆಲ್ಲ ವರ್ಷವರ್ಷದ ಹಾಗೆ ಕೋಟೆಗೆ ಹೊರಟವು. ಕಾದ ಬಂಡೆಯ ಮೇಲೆ ಉದ್ದನೆಯ ಗೌನ್ ಹಾಕಿಕೊಂಡು ನಿಲ್ಲುವುದು, ಗಾಳಿಗೆ ಕೂದಲು ಬಾಯಿಗೆ ಹೋದರೂ ನಗುವುದು. ಅವರ ಯಶೋದಾ ಮೇಡಂಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು. "ಈ ಸೀಮೇಲಿ ಜನ ನಿಜವಾಗ್ಲೂ ಉಡೋದನ್ನ ಒಂದ್ಸಲ ತೋರಿಸ್ರಪ್ಪ" ಅಂದರು. ಆ ಮಾತು ಕೇಳಿದ ಗಳಿಗೆಯಲ್ಲೇ ದೀಪಾಳ ಕಣ್ಣ ಮುಂದೆ ಅಜ್ಜಿ ಬಂದಿದ್ದಳು.

ಜುಂಜಮ್ಮ ಹಿರಿಯೂರು ಕಡೆಯ ಒಂದು ಹಟ್ಟಿಯವಳು. ಕುರಿ ಕಾಯ್ದು, ಹೊಲ ಮಾಡಿ, ಮಕ್ಕಳನ್ನು ಬೆಳೆಸಿದವಳು. ಅವಳ ಮನೆತನದ ಹೆಂಗಸರು ಸೆರಗನ್ನು ಬಲಭುಜದ ಮೇಲೆ ಹೊದೆಯುತ್ತಿದ್ದರು. ಪೇಟೆ ಸೇರಿದ ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಎಡಕ್ಕೆ ಬದಲಾಗಿದ್ದರು. ಒಂದು ಮದುವೆಯಲ್ಲಿ ಯಾರೋ "ಎಲ್ರಂಗೆ ಹಾಕ್ಕೋ ಅಜ್ಜಿ, ಫೋಟೊದಾಗೆ ನೀನೊಬ್ಳೇ ಬೇರೆ ಕಾಣ್ತೀಯ" ಅಂದಿದ್ದಕ್ಕೆ ಅಜ್ಜಿ ಫೋಟೊ ತೆಗೆಯುವ ಜಾಗದಿಂದಲೇ ಎದ್ದು ಹೋಗಿದ್ದಳು. ಅಷ್ಟು ಹಟ.

ಮುಖಪುಟಕ್ಕೆ ನೀನೇ ಬೇಕು ಅಂದಾಗ ಅವಳು ಮೊದಲು ನಕ್ಕಳು. "ನನ್ನ ಮೋರೆ ಹಾಕಿದ್ರೆ ನಿಮ್ಮ ಬುಕ್ಕನ್ನ ಕುರಿ ಸೈತ ಮೂಸಲ್ಲ ಕಣೆ." ಆಮೇಲೆ ಆಧಾರ್ ಕಾರ್ಡು ತಂದು ತೋರಿಸಿದಳು. "ನೋಡು, ಇದ್ಯಾವಳೋ ಬೇರೆಯವಳು. ನನ್ನ ಹೆಸರಿಗೆ ಇವಳ್ನ ಅಂಟ್ಸವ್ರೆ. ನಿಮ್ಮದೂ ಹಿಂಗೇ ಆಗಾದು."

"ಆಗಲ್ಲಜ್ಜಿ, ನಾನು ಇದೀನಲ್ಲ" ಅಂತ ದೀಪಾ ಗೋಗರೆದಳು. ಕೊನೆಗೆ ಅಜ್ಜಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಸೆರಗು ಮಾತ್ರ ನಮ್ಮವ್ವ ಹಾಕ್ಕೊಟ್ಟಂಗೇ ಇರ್ಬೇಕು. ಅದನ್ನ ಆಕಡೆ ಈಕಡೆ ಮಾಡಿದ್ರೋ, ಅದು ನಾನಲ್ಲ. ತಿಳ್ಕಾ."

ದೀಪಾ ಅಜ್ಜಿಯ ತಲೆ ಮುಟ್ಟಿ ಮಾತು ಕೊಟ್ಟಳು.

ಫೋಟೊ ತೆಗೆಯಲು ದೀಪಾ ಮತ್ತು ಚೇತನ್‌ಕುಮಾರ್ ಹಟ್ಟಿಗೆ ಹೋದರು. ಬಿಂದು ಒಳಪುಟಗಳ ಕೆಲಸ ಮುಗಿದಿಲ್ಲವೆಂದು ಕಾಲೇಜಿನಲ್ಲೇ ಉಳಿದಳು. ಅಜ್ಜಿ ನಡುಮನೆಯ ಬೀರುವಿನ ಉದ್ದ ಕನ್ನಡಿಯ ಮುಂದೆ ನಿಂತು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಸೀರೆ ಉಟ್ಟಳು, ಕುಂಕುಮ ಇಟ್ಟಳು, ಕೆನ್ನೆಯ ಮೇಲಿನ ಮಚ್ಚೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಹೊರಗೆ ಕುರಿರೊಪ್ಪದ ಮುಂದೆ, ಹೆಗಲ ಮೇಲೊಂದು ಕರಿ ಕಂಬಳಿ ಮಡಿಚಿ ಹಾಕಿಕೊಂಡು ನಿಂತಾಗ, ಯಾವಾಗಲೂ ಬಾಯಿ ಮುಚ್ಚದ ಚೇತನ್‌ಕುಮಾರನೂ ಮಾತು ಬಿಟ್ಟು ಫೋನು ಎತ್ತಿದ. ಅಷ್ಟು ಚೆನ್ನಾಗಿ ಕಾಣುತ್ತಿದ್ದಳು ಅಜ್ಜಿ.

ಪತ್ರಿಕೆಗೆ 'ನೆರಿಗೆ' ಅಂತ ಹೆಸರಿಟ್ಟರು. ದುರ್ಗದ ಹಳೆಯ ಬೀದಿಯೊಂದರ ಪ್ರೆಸ್ಸಿನಲ್ಲಿ ಅಚ್ಚು. ಪ್ರೆಸ್ಸಿನ ಹಾಲೇಶಣ್ಣನಿಗೆ ಫ್ಯಾಷನ್ ಅಂದರೆ ಲಗ್ನಪತ್ರಿಕೆಗೆ ಹಾಕುವ ಚಿನ್ನದ ಬಣ್ಣದ ಅಂಚು. "ಮುಖಪುಟದ ಮೇಲೆ ಒಂದು ಗಣೇಶನ್ನ ಕೂರಿಸಾಣ, ಖಾಲಿ ಖಾಲಿ ಐತೆ" ಅಂತ ಬಿಂದುವಿನ ಪ್ರಾಣ ತಿಂದಿದ್ದ. ಮಸಿ ವಾಸನೆ, ಯಂತ್ರದ ಸದ್ದು, ಪಕ್ಕದಂಗಡಿಯಿಂದ ಬರುತ್ತಿದ್ದ ಮಂಡಕ್ಕಿ ಮೆಣಸಿನಕಾಯಿ. ದೀಪಾಳಿಗೆ ಇವತ್ತಿಗೂ ಬಿಸಿ ಮೆಣಸಿನಕಾಯಿ ಬಜ್ಜಿ ಬಾಯಿಗಿಟ್ಟರೆ ಆ ಮಸಿಯ ವಾಸನೆ ಮೂಗಿಗೆ ಬರುತ್ತದೆ. ಅಂಥ ದಿನಗಳು ಮತ್ತೆ ಬರಲಿಲ್ಲ.

ಮುಖಪುಟದ ಕರಡು ಸಿದ್ಧವಾದ ದಿನ ದೀಪಾ ಹಟ್ಟಿಯಲ್ಲಿದ್ದಳು. ಕುರಿಗಳ ಉಣ್ಣೆ ಕತ್ತರಿಸುವ ದಿನ, ಮನೆಯವರೆಲ್ಲ ಬೇಕು. ಬಿಂದು ವಾಟ್ಸಾಪಿನಲ್ಲಿ ಕರಡು ಕಳಿಸಿದಳು. ಸುಡುಬಿಸಿಲಲ್ಲಿ, ಒಂದು ಕೈಯಲ್ಲಿ ಟಗರಿನ ಕೊಂಬು ಹಿಡಿದುಕೊಂಡು, ದೀಪಾ ಫೋನು ನೋಡಿದಳು. ಅಜ್ಜಿಯ ಮುಖ ನೋಡಿದಳು, ಮೇಲಿನ ದಪ್ಪ ಅಕ್ಷರ ನೋಡಿದಳು. ಸೆರಗು ನೋಡಲಿಲ್ಲ. 'ಸೂಪರ್, ಹಾಕ್ಸಿ' ಅಂತ ಒತ್ತಿಬಿಟ್ಟಳು.

ಅಚ್ಚಾದ ಪ್ರತಿ ಕೈಗೆ ಬಂದಾಗಲೇ ಗೊತ್ತಾದದ್ದು. ಅಜ್ಜಿಯ ಸೆರಗು ಎಡಭುಜದ ಮೇಲಿತ್ತು. ಫೋಟೊ ಪೂರ್ತಿ ಮಗುಚಿಕೊಂಡಿತ್ತು.

"ಯಾಕೆ ಹಿಂಗ್ ಮಾಡ್ದೆ?" ದೀಪಾ ಪ್ರತಿಯನ್ನು ಬಿಂದುವಿನ ಮುಂದೆ ಹಿಡಿದಳು.

ಬಿಂದು ಬಿಳಿಚಿಕೊಂಡಳು. "ಸೆರಗು ಬಲಗಡೆ ಇತ್ತಲ್ಲೇ. ಚೇತನ್ ಫೋನಲ್ಲಿ ಸೆಲ್ಫಿ ತರ ಉಲ್ಟಾ ಬಂದೈತೆ ಅಂದ್ಕಂಡೆ. ನಾನೇ ಸರಿ ಮಾಡಿದೆ." ಅವಳ ಮನೆಯಲ್ಲಿ, ಅವರಪ್ಪನ ಅಂಗಡಿಯ ಗೊಂಬೆಗಳ ಮೈಮೇಲೆ, ಎಲ್ಲೆಲ್ಲೂ ಸೆರಗು ಎಡಕ್ಕೇ. ಬಲಕ್ಕೂ ಹಾಕುತ್ತಾರೆ ಅನ್ನುವುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ಜೊತೆಯಲ್ಲಿದ್ದ ದೀಪಾ ಹೇಳಿಯೂ ಇರಲಿಲ್ಲ.

ಕಾಲೇಜಿನಲ್ಲಿ ಯಾರಿಗೂ ಇದು ಕಾಣಲಿಲ್ಲ. ಯಶೋದಾ ಮೇಡಂ ಬೆನ್ನು ತಟ್ಟಿದರು, ಒಳ್ಳೆಯ ಅಂಕವೂ ಬಂತು. ಆದರೆ ಅಜ್ಜಿಗೆ ತೋರಿಸಬೇಕಲ್ಲ! ಹಟ್ಟಿಯಿಂದ ದಿನಾ ಫೋನು. "ಬುಕ್ಕು ಎಲ್ಲಿಗೆ ಬಂತೇ?" ದೀಪಾ ಇವತ್ತು ನಾಳೆ ಅಂತ ತಳ್ಳುತ್ತಿದ್ದಳು. ಒಂದೇ ಒಂದು ಮಾತು ಕೇಳಿದ್ದಳು ಅಜ್ಜಿ, ಅದನ್ನೂ ಉಳಿಸಿಕೊಳ್ಳಲಾಗಲಿಲ್ಲವಲ್ಲ ಅಂತ ಕೊರಗುತ್ತಿದ್ದಳು.

"ಅಜ್ಜಿಗೆ ಅಂತ ಒಂದೇ ಒಂದು ಪ್ರತಿ ಸರಿಯಾಗಿ ಪ್ರಿಂಟ್ ತೆಗೆಸಾಣ. ಅವ್ರಿಗೆ ಎಲ್ಲಿ ಗೊತ್ತಾಗ್ತೈತೆ" ಅಂದ ಚೇತನ್‌ಕುಮಾರ್. ದೀಪಾಳಿಗೆ ಆಸೆಯಾಗದೆ ಇರಲಿಲ್ಲ. ಆದರೆ ಅಜ್ಜಿಗೊಂದು, ಊರಿಗೊಂದು ತೋರಿಸುವುದು ಅವಳ ಕೈಲಿ ಆಗಲಿಲ್ಲ.

"ಬೈಸಿಕೊಂಡ್ರೆ ಮೂರೂ ಜನ ಬೈಸಿಕೊಳ್ಳಾಣ, ನಡೀರಿ" ಅಂದಳು ಬಿಂದು.

ಮೂವರೂ ಹಟ್ಟಿಗೆ ಹೋದರು. "ಬರ್ರಿ, ಕುಂತ್ಕಳ್ರಿ" ಅಂತ ಅಜ್ಜಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತಲೇ ನಿಂತಳು. ದೀಪಾಳಿಗೆ ತಡೆಯಲಾಗಲಿಲ್ಲ.

"ಅಜ್ಜಿ, ತಪ್ಪಾಗೈತೆ. ಸೆರಗು ಆಕಡೆ ಆಗ್ಬಿಟ್ಟೈತೆ."

"ಎಲ್ಲೇ ತಪ್ಪಾಗಿರಾದು?" ಅಜ್ಜಿ ಹುಬ್ಬು ಗಂಟಿಕ್ಕಿದಳು. ಸೀದಾ ನಡುಮನೆಗೆ ಹೋಗಿ ಬೀರುವಿನ ಮುಂದೆ ನಿಂತು, ಪತ್ರಿಕೆಯನ್ನು ಕನ್ನಡಿಯ ಪಕ್ಕಕ್ಕೆ ಒತ್ತಿ ಹಿಡಿದಳು. ಒಮ್ಮೆ ಕನ್ನಡಿ ನೋಡಿದಳು, ಒಮ್ಮೆ ಮುಖಪುಟ ನೋಡಿದಳು. "ಬಾ ಇಲ್ಲಿ. ಬೆಳಗೆದ್ದು ಇದ್ರಾಗೆ ನಾನು ನೋಡಾದು ಇವಳ್ನೇ. ಮಚ್ಚೆ ಎಲ್ಲಿರ್ಬೇಕೋ ಅಲ್ಲೇ ಐತೆ. ಸೆರಗು ಎಲ್ಲಿರ್ಬೇಕೋ ಅಲ್ಲೇ ಐತೆ. ಆ ಕಾರ್ಡಿನೋರು ಎಲ್ಲಾ ಆಕಡೇದು ಈಕಡೆ ಮಾಡಿದ್ರು. ಇದು ನಾನು ಕಣೆ!"

ಮೂವರೂ ಅಜ್ಜಿಯ ಹಿಂದೆ ಬಂದು ನಿಂತು ನೋಡಿದರು. ನಿಜ. ಕನ್ನಡಿಯಲ್ಲಿ ಇದ್ದವಳೂ ಮುಖಪುಟದಲ್ಲಿ ಇದ್ದವಳೂ ಒಬ್ಬಳೇ. ಆ ಕಾರ್ಡು ಬಿಟ್ಟರೆ ಅಜ್ಜಿ ಹುಟ್ಟಿದಾಗಿನಿಂದ ತನ್ನನ್ನು ಕಂಡದ್ದು ಎಡಬಲ ಅದಲುಬದಲು ಮಾಡುವ ಕನ್ನಡಿಯಲ್ಲಿ ಮಾತ್ರ. ಬಿಂದು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಅಜ್ಜಿ ಆ ಪತ್ರಿಕೆ ಹಿಡಿದುಕೊಂಡು ಇಡೀ ಹಟ್ಟಿ ಸುತ್ತಿ ಬಂದಳು. ಯಾರಾದರೂ ಸೆರಗು ಉಲ್ಟಾ ಐತಲ್ಲ ಅಂದರೆ, "ನಿಂಗೇನ್ ಗೊತ್ತು, ನನ್ನ ಮೋರೆ ನಂಗೆ ಗೊತ್ತಿಲ್ವೇನು" ಅಂತ ಜಗಳಕ್ಕೇ ನಿಲ್ಲುತ್ತಿದ್ದಳಂತೆ.

ಬಸ್ಸು ಹೊಳಲ್ಕೆರೆಗೆ ಬಂದಿತ್ತು. ಬಿಂದು ಈಗ ಅಪ್ಪನ ಬಟ್ಟೆ ಅಂಗಡಿಯ ಪಕ್ಕದಲ್ಲೇ ಫ್ಲೆಕ್ಸ್, ಫೋಟೊ ಪ್ರಿಂಟಿಂಗ್ ಇಟ್ಟುಕೊಂಡಿದ್ದಳು. ದೀಪಾಳನ್ನು ಕಂಡವಳೇ ಕೈ ಹಿಡಿದುಕೊಂಡು ಅತ್ತಳು. ಮೂಲ ಫೋಟೊ ಈಗ ಯಾರ ಬಳಿಯೂ ಉಳಿದಿರಲಿಲ್ಲ. ಆಮೇಲೆ ಮುಖಪುಟವನ್ನು ಸ್ಕ್ಯಾನ್ ಮಾಡಿ, ಮೇಲಿನ ಅಕ್ಷರ ತೆಗೆದು, ದೊಡ್ಡದಾಗಿ ಪರದೆಯ ಮೇಲೆ ತಂದಳು. ಅಜ್ಜಿ ಇಬ್ಬರನ್ನೂ ನೋಡಿ ನಕ್ಕ ಹಾಗಿತ್ತು.

"ನಿಮ್ಮ ಚಿಕ್ಕಪ್ಪ ನಂಗೂ ಫೋನ್ ಮಾಡಿದ್ರು, ತಿರುಗಿಸೇ ಕೊಡು ಅಂತ" ಅಂದಳು ಬಿಂದು. "ಒಂದು ಕ್ಲಿಕ್ ಅಷ್ಟೆ. ಏನ್ ಮಾಡ್ಲಿ?"

ದೀಪಾ ಪರದೆಯನ್ನು ನೋಡಿದಳು. ತಿರುಗಿಸಿದರೆ ಮನೆಯವರ ಕಣ್ಣಿಗೆ ಅಜ್ಜಿ ಸರಿಯಾಗುತ್ತಾಳೆ. ಆದರೆ ಅಜ್ಜಿ ಇದ್ದಿದ್ದರೆ ಇದ್ಯಾವಳೋ ಅನ್ನುತ್ತಿದ್ದಳು. ಹೋದವಳಿಗೇನು ಗೊತ್ತಾಗುತ್ತದೆ ಅಂತ ಅನ್ನಿಸಿದ್ದು ನಿಜ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಬೇಡ ಕಣೆ, ಹಿಂಗೇ ಇರ್ಲಿ" ಅಂದಳು.

ಮಾರನೆಯ ದಿನ ಕಟ್ಟು ಹಾಕಿದ ಫೋಟೊ ಎತ್ತಿಕೊಂಡು ಹಟ್ಟಿಗೆ ಹೋದಳು. ಚಿಕ್ಕಪ್ಪ ಬಾಗಿಲ ಮೇಲೆ ಮೊಳೆ ಹೊಡೆದು ಕಾಯುತ್ತಿದ್ದ. ಫೋಟೊ ನೋಡಿದ್ದೇ ಮುಖ ಸಣ್ಣಗಾಯಿತು.

"ಎಡಸೆರಗೇ ಐತಲ್ಲೇ. ಅಷ್ಟು ಹೇಳಿದ್ದೆ."

"ಬಾಗಿಲ ಮೇಲೆ ಬೇಡ ಚಿಕ್ಕಪ್ಪ. ಆ ಬೀರು ಎದುರಿನ ಗೋಡೆಗೆ ಹೊಡಿ ಮೊಳೆ."

ಅವನು ಗೊಣಗುತ್ತಲೇ ಹೊಡೆದ. ದೀಪಾ ಫೋಟೊ ತೂಗುಹಾಕಿ, ಹೂವು ಮುಡಿಸಿ, ಚಿಕ್ಕಪ್ಪನ ಭುಜ ಹಿಡಿದು ಬೀರುವಿನ ಕಡೆ ತಿರುಗಿಸಿ ನಿಲ್ಲಿಸಿದಳು. ಅವರಿಬ್ಬರ ಹಿಂದೆ, ಕನ್ನಡಿಯೊಳಗೆ, ಜುಂಜಮ್ಮ ನಿಂತಿದ್ದಳು. ಸೆರಗು ಬಲಭುಜದ ಮೇಲಿತ್ತು, ಅವರೆಲ್ಲ ಅವಳನ್ನು ಕಂಡಿದ್ದ ಹಾಗೆಯೇ.

ದೀಪಾಳಿಗೆ ತಿಂಗಳಿನಿಂದ ತಡೆದಿಟ್ಟಿದ್ದ ಅಳು ಬಂತು, ಅವಳು ತಡೆಯಲಿಲ್ಲ. ಚಿಕ್ಕಪ್ಪ ಗೋಡೆಯ ಕಡೆ ತಿರುಗದೆ, ಕೈಯಲ್ಲಿನ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಕನ್ನಡಿಗೇ ಕೈ ಮುಗಿದು "ಅವ್ವ" ಅಂದ.