ತುಂಬದ ಗುಂಡಿ

2025ರ ಜೂನ್ 17, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕೂಡ್ಲಿಗಿ–ಕೊಟ್ಟೂರು ರಸ್ತೆ ಪಕ್ಕದ ಹೊಸ ಬಡಾವಣೆಯಲ್ಲಿ, ಜಂಬಕ್ಕನ ಮನೆಯ ಹಿಂದೆ, ಪಾಯಖಾನೆ ಗುಂಡಿಯ ಮುಚ್ಚಳ ತೆಗೆಸುತ್ತಿದ್ದೆ. ಹದಿನೈದು ದಿನಗಳಲ್ಲಿ ಬಡಾವಣೆಯ ಒಂಬತ್ತು ಮಂದಿಗೆ ಕಾಮಾಲೆಯಾಗಿತ್ತು. ಅವರಲ್ಲಿ ಜಂಬಕ್ಕನ ಮಗಳು ಮಾಲಾ ಒಬ್ಬಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅವಳಿಗೆ ಈಗ ಏಳು ತಿಂಗಳು, ವಾರದಿಂದ ಆಸ್ಪತ್ರೆಯಲ್ಲಿದ್ದಳು. ಬಡಾವಣೆಯ ಬೋರ್‌ವೆಲ್ ನೀರಿಗೆ ಮಲ ಸೇರಿದೆ ಎಂಬ ವರದಿ ಅವತ್ತು ಬೆಳಿಗ್ಗೆಯೇ ಕೈಗೆ ಬಂದಿತ್ತು. ಮೋಟಾರು ನಿಲ್ಲಿಸಿದ್ದೆ. ಎಲ್ಲಿಂದ ಸೇರಿತೆಂದು ಹುಡುಕುವುದು ಪಂಚಾಯಿತಿಯ ಗುತ್ತಿಗೆ ಎಂಜಿನಿಯರಾದ ನನ್ನ ಕೆಲಸ.

"ನಮ್ಮ ಗುಂಡಿ ಮ್ಯಾಲೆ ಸಂಶೆ ಪಡಬ್ಯಾಡ್ರಿ ಯವ್ವಾ," ಎಂದಳು ಜಂಬಕ್ಕ. ಬಗಲಲ್ಲಿ ಚೀಲವಿತ್ತು, ಆಸ್ಪತ್ರೆಗೆ ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. "ಎರಡು ವರ್ಷ ಆತು, ಒಮ್ಮಿನೂ ತುಂಬಿಲ್ಲ. ಈ ಓಣ್ಯಾಗ ಯಾರದೂ ತುಂಬಿಲ್ಲ."

"ಹಂಗಾದ್ರ ಸರ್ಕಾರದೋರು ನಿನಗ ಪ್ರಶಸ್ತಿ ಕೊಡಬೇಕು ಬಿಡಬೇ," ಎಂದು ಗೌಂಡಿ ಮಾರೇಶ ಹಾರೆ ಒತ್ತಿದ. ಇಲ್ಲಿನ ಗುಂಡಿಗಳನ್ನೆಲ್ಲ ಕಟ್ಟಿದವನು ಅವನೇ.

ನನಗೆ ನಗು ಬರಲಿಲ್ಲ. ಸರಿಯಾಗಿ ಕಟ್ಟಿದ ಟ್ಯಾಂಕು ಕೆಲವೇ ವಾರಗಳಲ್ಲಿ ತುಂಬಿ, ಹೊರಹೋಗುವ ಕೊಳವೆಯ ಮಟ್ಟಕ್ಕೆ ಸದಾ ತುಂಬಿಯೇ ಇರಬೇಕು. ತುಂಬದ್ದು ಎಂದರೆ ಸೋರುವುದು.

ಮಾರೇಶ ಒಳಗೆ ಬಿದಿರಿನ ಗಳ ಇಳಿಸಿದ. ಅದು ಎಲ್ಲೂ ತಟ್ಟದೆ ಮಣ್ಣಿನೊಳಗೆ ಹೂತುಹೋಯಿತು.

"ತಳ ಎಲ್ಲಿ ಮಾರೇಶ?"

"ತಳ ಹಾಕಿಲ್ರಿ ಮೇಡಂ."

"ನಾನೇ ಬ್ಯಾಡ ಅಂದಿದ್ದೆ," ಎಂದಳು ಜಂಬಕ್ಕ, ಹೆಮ್ಮೆಯಿಂದಲೇ. "ತಳ ಹಾಕಿದ್ರ ತುಂಬತೈತಲ್ರಿ. ಎಲ್ಲಾರೂ ಹಂಗ ಹೇಳಿ ಬಿಡಿಸ್ಯಾರ."

ನಾನು ಮೊಬೈಲಿನಲ್ಲಿ ಈ ಗುಂಡಿಗಳ ತಪಾಸಣೆಯ ಕಡತ ತೆರೆದೆ. ಜಂಬಕ್ಕನದು ಹದಿನಾಲ್ಕನೇ ನಂಬರಿನ ಮನೆ. ಫೋಟೋದಲ್ಲಿ ನುಣ್ಣಗೆ ಸಿಮೆಂಟ್ ಗಿಲಾಯಿ ಮಾಡಿದ ತಳ, ಪಕ್ಕದಲ್ಲಿ ಸೀಮೆಸುಣ್ಣದಿಂದ ಮನೆ ನಂಬರ್ ಬರೆದ ಪಾಟಿ. ಮಾರೇಶ ಬಗ್ಗಿ ನೋಡಿದ.

"ಇದು ಮೆಂಬರ್ ಶಿವಯೋಗಪ್ಪನವರ ಮನಿದು ಮೇಡಂ. ಮೂಲ್ಯಾಗ ನನ್ನ ಹವಾಯಿ ಚಪ್ಪಲಿ ಐತಿ ನೋಡ್ರಿ. ಪಾಟಿ ಅಳಿಸಿ ಅಳಿಸಿ ಬರದು ಫೋಟೋ ಹೊಡಕೊಂಡ್ರು."

ಹದಿನೈದನೇ ಮನೆ. ಅದೇ ನೀಲಿ ಚಪ್ಪಲಿ. ಹದಿನಾರು, ಹದಿನೇಳು. ಮೂವತ್ತೊಂದು ಫೋಟೋ, ಒಂದೇ ಚಪ್ಪಲಿ. ಪ್ರತಿಯೊಂದರ ಕೆಳಗೂ 'ಸ್ಥಳ ಪರಿಶೀಲಿಸಲಾಗಿದೆ' ಎಂಬ ಸಾಲು, ಅದರ ಕೆಳಗೆ ನನ್ನ ಸಹಿ: ಸಮತಾ.

2023ರ ಮಾರ್ಚ್. ನನ್ನ ಮೇಲಧಿಕಾರಿ ಗುರುಮೂರ್ತಿ ಕಡತದ ಕಟ್ಟನ್ನು ಮೇಜಿನ ಮೇಲಿಟ್ಟು ಹೇಳಿದ್ದರು: "ಸಹಿ ಹಾಕವ್ವ. ಶಿವಯೋಗಪ್ಪ ಮೂರು ಸಲ ಫೋನ್ ಮಾಡ್ಯಾನ. ಎಲೆಕ್ಷನ್ ತಾರೀಖು ಬರೋದ್ರಾಗ ಮನಿ ಹಂಚಬೇಕಂತ. ಫೋಟೋ ಅದಾವಲ್ಲ, ಮತ್ತ ಹೋಗಿ ಮೂಸಿ ನೋಡ್ತೀಯೇನು?" ಆ ತಿಂಗಳೇ ನನ್ನ ಗುತ್ತಿಗೆ ಮುಗಿಯುತ್ತಿತ್ತು. ಊಟದ ಹೊತ್ತಿಗೆ ಮೂವತ್ತೊಂದು ಸಹಿ ಮುಗಿದಿದ್ದವು.

"ನನಗ ಹೊತ್ತಾತು," ಎಂದು ಜಂಬಕ್ಕ ಚೀಲ ಸರಿಪಡಿಸಿಕೊಂಡಳು. ಒಳಗೆ ಎರಡು ಬಾಟಲಿಗಳು ತಾಕಿ ಸದ್ದಾಯಿತು.

"ಅದೇನು ಜಂಬಕ್ಕ?"

"ನೀರು. ದವಾಖಾನಿ ನೀರು ಅಕಿಗೆ ಸೇರವಲ್ದು. ಅದಕ್ಕ ದಿನಾ ನಸುಕಿನ್ಯಾಗ ನಮ್ಮ ಬೋರಿನ ನೀರೇ ತುಂಬಿ ಒಯ್ತೀನಿ."

ನಾನು ಕೈ ಚಾಚಿದೆ. "ಆ ನೀರು ಕುಡಿಸಬೇಡ," ಎಂದೆ. ಅವಳು ನನ್ನ ಮುಖ ನೋಡಿದಳು, ಬಾಯಿ ತೆರೆದ ಗುಂಡಿ ನೋಡಿದಳು, ಆಮೇಲೆ ಬೋರ್‌ವೆಲ್ ಕಡೆ ತಿರುಗಿದಳು. ಚೀಲ ಬಗಲಿಂದ ಜಾರಿತು.

"ನಾನ… ನನ್ನ ಕೈಯಾರೆ ಕುಡಿಸೇನೇನ್ರಿ?"

ಆಸ್ಪತ್ರೆಗೆ ಫೋನ್ ಮಾಡಿ, ಮಾಲಾಳ ಹಾಸಿಗೆ ಬಳಿ ಇರುವ ಮನೆ ನೀರನ್ನೆಲ್ಲ ಚೆಲ್ಲಲು ನರ್ಸಿಗೆ ಹೇಳಿದೆ. ನಂತರ ಟೇಪು ಹಿಡಿದೆ. ಗುಂಡಿಗೂ ಬೋರ್‌ವೆಲ್ಲಿಗೂ ನಡುವೆ ಕನಿಷ್ಠ ಹದಿನೈದು ಮೀಟರ್ ಇರಬೇಕು. ನಾನು ಸಹಿ ಹಾಕಿದ ನಕ್ಷೆಯಲ್ಲಿ ಹದಿನೆಂಟು ಇತ್ತು. ಒಂದು ತುದಿಯನ್ನು ಮಾರೇಶ ಗುಂಡಿಯ ಅಂಚಿಗೆ ಒತ್ತಿ ಹಿಡಿದ. ಇನ್ನೊಂದನ್ನು ನಾನು ಬೋರ್‌ವೆಲ್ ಕೊಳವೆಗೆ ತಾಗಿಸಿ ಓದಿದೆ.

ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್.