ಹದಿನೇಳರ ನಟ್ಟು

ಅಪ್ಪ ತೀರಿಕೊಂಡ ಮೇಲೆ ಗ್ಯಾರೇಜು ಮಗಳ ಪಾಲಿಗೆ ಬಂತು. ಚಿಕ್ಕಂದಿನಿಂದ ಅಪ್ಪನ ಜೊತೆ ಗ್ರೀಸಿನಲ್ಲೇ ಬೆಳೆದವಳು. ಬೀದಿಯವರಿಗೆಲ್ಲ ಅವಳು ಗ್ಯಾರೇಜಕ್ಕ. ಗ್ಯಾರೇಜಿನ ಜೊತೆಗೆ ಅಪ್ಪನ ಹಳೆಯ ಕಾರೂ ಬಂತು. ಬಂದದ್ದು ಕಾರಾಗಿ ಅಲ್ಲ, ಬಿಡಿಭಾಗಗಳ ರಾಶಿಯಾಗಿ. ಅಪ್ಪ ಅದನ್ನು ಪೂರ್ತಿ ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಹೊಡೆದು, ಇನ್ನೇನು ಜೋಡಿಸಬೇಕು ಅನ್ನುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಅಪ್ಪ ಬಿಸ್ಕತ್ತಿನ ಹಳೆಯ ಡಬ್ಬಗಳಲ್ಲಿ ಹಾಕಿಟ್ಟಿದ್ದ. ಸಾವಿನ ಮನೆಗೆ ಬಂದವರಿಗೆ ಕೂರಲು ಜಾಗ ಬೇಕೆಂದು ಚಿಕ್ಕಪ್ಪ ಗ್ಯಾರೇಜನ್ನು ಗುಡಿಸಿ, ಆ ಡಬ್ಬಗಳನ್ನು ಗುಜರಿಯವನ ಗಾಡಿಗೆ ಸುರಿದುಬಿಟ್ಟ. ವಿಷಯ ಗೊತ್ತಾದಾಗ ಗ್ಯಾರೇಜಕ್ಕನಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ.

"ತುಕ್ಕು ಹಿಡಿದ ಕಸ ಅಂದ್ಕೊಂಡೆ ಕಣಮ್ಮ," ಎಂದ ಚಿಕ್ಕಪ್ಪ, ತಲೆ ಕೆರೆದುಕೊಳ್ಳುತ್ತಾ. "ಹೊಸದು ತಂದ್ರಾಯ್ತಲ್ಲ. ಬೋಲ್ಟು ತಾನೇ?"

"ಬೋಲ್ಟು ತಾನೇ ಅಂತೆ! ನಿಮ್ಮ ಹಲ್ಲು ಬಿದ್ರೆ ನನ್ನ ಹಲ್ಲು ಹಾಕ್ತೀರಾ ಚಿಕ್ಕಪ್ಪ?"

ಆ ಕಾರಿನದು ಇಂಚಿನ ಲೆಕ್ಕದ ಬೋಲ್ಟು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಮಿಲಿಮೀಟರಿನದು. ಕಣ್ಣಿಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಂಡರೂ ಒಂದರ ಥ್ರೆಡ್, ಅಂದರೆ ಸುತ್ತುಗೆರೆ, ಇನ್ನೊಂದಕ್ಕೆ ಕೂರುವುದಿಲ್ಲ. ಕೆಲವು ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತವೆ. ಅವು ಎಷ್ಟೋ ವಾಸಿ, ತಪ್ಪಾಯಿತು ಎಂದು ಕೈಗೆ ಹೇಳಿಬಿಡುತ್ತವೆ. ಸಲೀಸಾಗಿ ಕೊನೆಯವರೆಗೂ ಹೋಗಿ, ಒಳಗೆ ಅರ್ಧಂಬರ್ಧ ಹಿಡಿದು ನಿಲ್ಲುವಂಥವೂ ಇವೆ. ಮೋಸ ಇರುವುದು ಅವುಗಳಲ್ಲಿ.

ಅವಳು ಊರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಅಲೆದಳು. ಗುಜರಿ ಅಂಗಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಗುಡ್ಡೆಗಳನ್ನು ಕೆದಕಿದಳು. "ನೀವು ಕೇಳೋ ಬೋಲ್ಟು ನಮ್ಮಜ್ಜ ಮಾರ್ತಿದ್ದ ಅಕ್ಕ. ಅಜ್ಜನೂ ಹೋದ, ಬೋಲ್ಟೂ ಹೋಯ್ತು," ಎಂದು ಒಬ್ಬ ಅಂಗಡಿಯವನು ನಕ್ಕ. ಬಾಗಿಲು, ಬಂಪರು, ಸೀಟಿಗೆ ಬೇಕಾದವನ್ನು ಲೇತ್ ಕೆಲಸದ ಮಾಮ ಕಡೆದುಕೊಟ್ಟ. ಸ್ಟೀರಿಂಗಿನ ಮಾತು ಬಂದಾಗ ಮಾತ್ರ ಯಂತ್ರ ನಿಲ್ಲಿಸಿ ತಲೆಯಾಡಿಸಿದ.

"ಅದಕ್ಕೆ ನಾನು ಕೈ ಹಾಕಲ್ಲಮ್ಮ. ಅದರ ಉಕ್ಕೇ ಬೇರೆ. ಇಂಥದ್ದೇ ಕಾರು ಟೈಲರಮ್ಮನ ಹಿತ್ತಲಲ್ಲಿ ಕೊಳೀತಾ ಬಿದ್ದಿದೆ, ಹೋಗಿ ಕೇಳು. ಆದ್ರೆ ಮೆತ್ತಗೆ ಕೇಳು. ಆ ಕಾರಲ್ಲೇ ಅವರ ಮಗಳು ತೀರ್ಕೊಂಡಿದ್ದು."

ಟೈಲರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆಯ ಚೂರುಗಳು, ಗೋಡೆಯ ಮೇಲೆ ಎರಡು ಫೋಟೋ. ಒಂದು ಎರಡು ಜಡೆ ಹಾಕಿದ ಹುಡುಗಿಯದು, ಇನ್ನೊಂದು ದಪ್ಪ ಮೀಸೆಯ ಗಂಡಸಿನದು. ಟೈಲರಮ್ಮನಿಗೆ ಅರವತ್ತು ದಾಟಿರಬೇಕು. ಗ್ಯಾರೇಜಕ್ಕ ತಡವರಿಸುತ್ತಾ ಹೇಳಿದ್ದನ್ನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿಸಿಕೊಂಡರು.

"ಬಿಚ್ಕೋ ಮಗಳೇ," ಎಂದರು ಕೊನೆಗೆ. "ಯಾರಿಗಾದ್ರೂ ಉಪಯೋಗ ಆಗ್ಲಿ. ನನಗಂತೂ ಅದನ್ನ ಇಟ್ಕೊಳ್ಳೋಕೂ ಆಗ್ಲಿಲ್ಲ, ಬಿಸಾಕೋಕೂ ಆಗ್ಲಿಲ್ಲ."

ಹಿತ್ತಲಲ್ಲಿ ಹರಿದ ಟಾರ್ಪಾಲಿನ ಕೆಳಗೆ ಕಾರು ನಿಂತಿತ್ತು. ಎಡಗಡೆಯ ಮುಂಭಾಗ ಬಾಗಿಲಿನವರೆಗೂ ಒಳಕ್ಕೆ ಕುಸಿದಿತ್ತು. ಬಲಗಡೆ ಮಾತ್ರ ಏನೂ ಆಗದಂತೆ ಇತ್ತು, ದೀಪದ ಗಾಜು ಕೂಡ ಒಡೆದಿರಲಿಲ್ಲ. ಗ್ಯಾರೇಜಕ್ಕ ಬಾನೆಟ್ ಎತ್ತಿ ಎಣ್ಣೆ ಬಿಟ್ಟು ಕೆಲಸ ಶುರು ಮಾಡಿದಳು. ಟೈಲರಮ್ಮ ಒಂದು ಮಣೆ ತಂದು ಹತ್ತಿರವೇ ಕೂತರು. ಕೇಳದಿದ್ದರೂ ಅವರಾಗಿಯೇ ಹೇಳತೊಡಗಿದರು.

"ಓಡಿಸ್ತಿದ್ದದ್ದು ನಮ್ಮನೆಯವರೇ. ಸ್ಕೂಲಲ್ಲಿ ಮೇಷ್ಟ್ರು. ಮಗಳನ್ನ ಹಾಸ್ಟೆಲಿಂದ ರಜಕ್ಕೆ ಕರ್ಕೊಂಡು ಬರೋಕೆ ಹೋಗಿದ್ರು. ಹಿಂದಿನ ದಿನವೆಲ್ಲ ಪೇಪರ್ ತಿದ್ದಿ ನಿದ್ದೆ ಕೆಟ್ಟಿದ್ರು. ಹೋಗ್ಬೇಡಿ, ನಾಳೆ ಹೋಗಿ ಅಂದೆ, ಕೇಳ್ಲಿಲ್ಲ. ಬರ್ತಾ ತೂಕಡಿಸಿ ಮರಕ್ಕೆ ಗುದ್ದಿದ್ರು. ಇವರಿಗೆ ಒಂದು ಗೀರೂ ಆಗ್ಲಿಲ್ಲ ನೋಡು."

"ಅವರೇ ಹೇಳಿದ್ರಾ ಅಮ್ಮ, ತೂಕಡಿಸಿದೆ ಅಂತ?"

"ಎಲ್ಲಿ ಹೇಳ್ತಾರೆ? ಸ್ಟೀರಿಂಗ್ ಕೈಯಲ್ಲೇ ಸಡಿಲ ಆಗ್ಹೋಯ್ತು, ತಿರುಗಿಸಿದ್ರೂ ತಿರುಗ್ಲಿಲ್ಲ ಅಂತ ಒಂದೇ ಸಮ ಹೇಳ್ತಿದ್ರು. ನಮ್ಮಣ್ಣ ಬಂದು ಗಾಡಿ ನೋಡಿ, ಇದರಲ್ಲಿ ಏನೂ ದೋಷ ಇಲ್ಲ, ಭಾವ ನಿದ್ದೆ ಮಾಡಿದಾರೆ ಅಂದ. ಪೊಲೀಸರೂ ಹಾಗೇ ಬರ್ಕೊಂಡ್ರು. ಮಗಳನ್ನ ಕಳೆದಿದ್ದೂ ಅಲ್ದೆ ಸುಳ್ಳು ಬೇರೆ ಹೇಳ್ತಾರಲ್ಲ ಅಂತ ನನಗೆ ಮೈಯೆಲ್ಲ ಉರಿದು ಹೋಯ್ತು. ಹೊಸ್ತಿಲು ತುಳೀಬೇಡಿ ಅಂದೆ. ತುಳೀಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಒಂದು ರೂಮಲ್ಲಿದ್ದಾರೆ."

ಗ್ಯಾರೇಜಕ್ಕ ಕೆಲಸಕ್ಕೆ ಬಗ್ಗಿದಳು. ಚಕ್ರದ ಹಬ್ಬಿನ ಬೋಲ್ಟುಗಳು ಬಂದವು, ಸ್ಪ್ರಿಂಗಿನವು ಬಂದವು. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಥ್ರೆಡ್ ನೋಡಿ ಚೀಲಕ್ಕೆ ಹಾಕುತ್ತಿದ್ದಳು. ಅವಳಿಗೆ ಬೇಕಾದಂಥವೇ. ಬಹಳ ದಿನದ ಮೇಲೆ ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಆಮೇಲೆ ಬಲಗಡೆಗೆ ಬಂದು ಸ್ಟೀರಿಂಗ್ ಬಾಕ್ಸನ್ನು ಕಾರಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ಹಿಡಿದಿಡುವ ಬೋಲ್ಟುಗಳ ನಟ್ಟಿಗೆ ಸ್ಪ್ಯಾನರ್ ಹಾಕಿದಳು. ಕೂರಲಿಲ್ಲ. ನಟ್ಟು ದೊಡ್ಡದಿತ್ತು. ಕಾರಿನ ಎಲ್ಲ ಕಡೆಯೂ ಕೂತ ಇಂಚಿನ ಸ್ಪ್ಯಾನರ್ ಇಲ್ಲಿ ಮಾತ್ರ ಕೂರುತ್ತಿಲ್ಲ. ಚೀಲದಿಂದ ಹದಿನೇಳರದ್ದನ್ನು ತೆಗೆದು ಇಟ್ಟಳು. ಕಚ್ಚಿಕೊಂಡು ಕೂತಿತು.

ಹದಿನೇಳು ಅಂದರೆ ಮಿಲಿಮೀಟರಿನ ನಟ್ಟು.

ಸ್ಪ್ಯಾನರಿಗೆ ಬಲ ಹಾಕುವುದೇ ಬೇಕಾಗಲಿಲ್ಲ. ಇಷ್ಟು ವರ್ಷದ ತುಕ್ಕಿನಲ್ಲೂ ನಟ್ಟು ಸುಮ್ಮನೆ ಕಳಚಿ ಅಂಗೈಗೆ ಬಂತು. ಒಳಗೆ ಥ್ರೆಡ್ ಎಂಬುದೇ ಇರಲಿಲ್ಲ, ಸವೆದು ನುಣ್ಣಗಾಗಿತ್ತು. ಎರಡನೆಯದೂ ಹಾಗೇ. ಮೂರನೆಯ ಬೋಲ್ಟಿನಲ್ಲಿ ನಟ್ಟೇ ಇರಲಿಲ್ಲ. ಬಾಕ್ಸನ್ನು ಪಕ್ಕಕ್ಕೆ ಸರಿಸಿ ಟಾರ್ಚ್ ಬಿಟ್ಟು ನೋಡಿದಳು. ಚಾಸಿಯ ರಂಧ್ರಗಳು ದುಂಡಗೆ ಉಳಿದಿರಲಿಲ್ಲ, ಉದ್ದಕ್ಕೆ ಎಳೆದುಕೊಂಡಿದ್ದವು. ಒಂದು ಏಟಿಗೆ ಹಾಗಾಗುವುದಿಲ್ಲ. ಬಾಕ್ಸು ಸಡಿಲವಾಗಿ ಎಷ್ಟೋ ದೂರ ಅಲುಗಾಡಿ ಅಲುಗಾಡಿ ಉಜ್ಜಿದರೆ ಮಾತ್ರ ಆಗುತ್ತದೆ. ಏಟು ಬಿದ್ದದ್ದಾದರೂ ಆಚೆ ಬದಿಗೆ.

"ಯಾಕೆ, ಬಾಯಿಗೆ ಬೀಗ ಬಿತ್ತು?" ಎಂದರು ಟೈಲರಮ್ಮ.

ಸುಮ್ಮನೆ ಚೀಲ ಕಟ್ಟಿಕೊಂಡು ಎದ್ದು ಹೋಗಿಬಿಡಬಹುದಿತ್ತು. ಹಾಗೆ ಮಾಡಬೇಕೆಂದು ಅವಳಿಗೆ ಅನ್ನಿಸಿದ್ದೂ ನಿಜ. ಆದರೆ ಗೊತ್ತಿದ್ದೂ ಗೊತ್ತಿದ್ದೂ ಆ ಮನುಷ್ಯನನ್ನು ಆ ರೂಮಿನಲ್ಲೇ ಬಿಟ್ಟು ಹೋಗಲು ಅವಳಿಂದ ಆಗಲಿಲ್ಲ.

"ಅಮ್ಮ, ಸ್ಟೀರಿಂಗ್ ನಿಜವಾಗ್ಲೂ ಸಡಿಲ ಆಗಿತ್ತು," ಎಂದಳು. ಬೋಲ್ಟನ್ನೂ ನಟ್ಟನ್ನೂ ಅಂಗೈ ಮೇಲಿಟ್ಟು ತೋರಿಸಿದಳು. "ಇದು ಈ ಕಾರಿನ ನಟ್ಟಲ್ಲ. ಹಾಕೋವಾಗ ಸರಿಯಾಗೇ ಹೋಗುತ್ತೆ, ಬಿಗಿ ಆಯ್ತು ಅಂತಲೇ ಅನ್ಸುತ್ತೆ. ಓಡ್ತಾ ಓಡ್ತಾ ಕಿತ್ಕೊಂಡು ಬರುತ್ತೆ. ಮೇಷ್ಟ್ರು ಸುಳ್ಳು ಹೇಳಿಲ್ಲ."

ಟೈಲರಮ್ಮ ನಟ್ಟನ್ನು ತೆಗೆದುಕೊಂಡು, ಗುಂಡಿ ನೋಡುವವರ ಹಾಗೆ ಬೆಳಕಿಗೆ ಹಿಡಿದರು.

"ಇದನ್ನ ಹಾಕಿದ್ದು ಯಾರು?"

"ನನಗೆ ಹೇಗೆ ಗೊತ್ತಾಗುತ್ತಮ್ಮ? ಯಾವ ಗ್ಯಾರೇಜಲ್ಲಿ ರಿಪೇರಿ ಮಾಡಿಸ್ತಿದ್ರಿ?"

"ಬೇರೆ ಕಡೆ ಯಾಕೆ ಮಾಡಿಸ್ತೀವಿ?" ಟೈಲರಮ್ಮನ ದನಿ ಇಳಿಯಿತು. "ನಮ್ಮಣ್ಣಂದೇ ವರ್ಕ್‌ಶಾಪು. ಆ ವಾರವೇ ಸ್ಟೀರಿಂಗ್ ಬಿಚ್ಚಿ ಸರಿ ಮಾಡಿ ಕೊಟ್ಟಿದ್ದ. ಮಗಳು ಬರ್ತಾಳೆ ಅಂತ."

ಗೋಡೆಯ ಮೇಲಿನ ದಪ್ಪ ಮೀಸೆಯವನು ಯಾರೆಂದು ಗ್ಯಾರೇಜಕ್ಕನಿಗೆ ಆಗ ತಿಳಿಯಿತು. ಅವನು ಸತ್ತು ಎರಡು ವರ್ಷವಾಯಿತೆಂದು ಟೈಲರಮ್ಮನೇ ಹೇಳಿದರು. ಅವನಿಗೆ ಗೊತ್ತಿತ್ತೇ, ಗಾಡಿ ನೋಡಿದಾಗ ಈ ನಟ್ಟು ಕಣ್ಣಿಗೆ ಬಿದ್ದಿತ್ತೇ, ಅಥವಾ ನಿಜವಾಗಿಯೂ ಭಾವ ನಿದ್ದೆ ಮಾಡಿದನೆಂದೇ ನಂಬಿದ್ದನೇ? ಕೇಳೋಣವೆಂದರೆ ಅವನು ಬೂದಿಯಾಗಿದ್ದ.

"ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದರು ಟೈಲರಮ್ಮ. "ಒಬ್ಬಳೇ ಹೋಗೋಕೆ ನನ್ನ ಕಾಲು ಏಳಲ್ಲ."

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ಪ್ರೆಸ್ಸಿನ ಮೆಟ್ಟಿಲಲ್ಲಿ ಶಾಯಿಯ ವಾಸನೆ. ಮೇಲೆ ಒಂದು ಮಂಚ, ಸ್ಟೌವು, ಹಗ್ಗದ ಮೇಲೆ ಒಗೆದ ಎರಡು ಅಂಗಿ. ಬಾಗಿಲು ತೆರೆದ ಮೇಷ್ಟ್ರು ಹೆಂಡತಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಟೈಲರಮ್ಮ ಬಾಗಿಲ ಬಳಿಯೇ ನಿಂತರು. ಗ್ಯಾರೇಜಕ್ಕನೇ ತಾನು ಯಾರು, ಏನು ನೋಡಿದೆ ಎಂದು ಹೇಳಬೇಕಾಯಿತು.

ಎಲ್ಲವನ್ನೂ ಕೇಳಿ ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು.

"ಇಲ್ಲಮ್ಮ. ನಾನು ನಿದ್ದೆ ಮಾಡಿದ್ದೆ."

"ರೀ, ಸ್ಟೀರಿಂಗ್ ಸಡಿಲ ಆಯ್ತು ಅಂತ ನೀವೇ ಹೇಳಿದ್ರಲ್ಲ!" ಎಂದರು ಟೈಲರಮ್ಮ.

"ಹೇಳಿದ್ದೆ. ಮೊದಮೊದಲು ಹಾಗೇ ಅನ್ಸಿತ್ತು. ಆಮೇಲೆ ನೀನು ಹೇಳಿದೆ, ನಿನ್ನಣ್ಣ ಹೇಳಿದ, ಪೊಲೀಸರು ಹೇಳಿದ್ರು. ಇಷ್ಟು ಜನ ಯಾಕೆ ಸುಳ್ಳು ಹೇಳ್ತಾರೆ ಅನ್ಕೊಂಡೆ. ಕೂತು ಕೂತು ಯೋಚನೆ ಮಾಡಿದೆ. ಈಗ ನನಗೆ ನೆನಪಿಗೆ ಬರೋದು ನಿದ್ದೇನೇ. ಕಣ್ಣು ಎಳೀತಿದ್ದದ್ದು, ರಸ್ತೆ ಮಸುಕಾಗಿದ್ದು, ಎಲ್ಲಾ ನೆನಪಿದೆ."

ಗ್ಯಾರೇಜಕ್ಕ ಬೋಲ್ಟನ್ನೂ ನಟ್ಟನ್ನೂ ಅವರ ಕೈಗೆ ಕೊಟ್ಟಳು. "ನೀವೇ ಹಾಕಿ ನೋಡಿ ಸರ್."

ಅವರು ನಟ್ಟನ್ನು ಬೋಲ್ಟಿಗೆ ಹಾಕಿದರು. ತಿರುಗಿಸುವ ಮೊದಲೇ ಅದು ಉಂಗುರದ ಹಾಗೆ ಜಾರಿ ತಳಕ್ಕೆ ಹೋಯಿತು. ಅಲುಗಾಡಿಸಿದರು, ಲಟಲಟ ಅಂದಿತು. ಮತ್ತೆ ಅಲುಗಾಡಿಸಿದರು. ಮಂಚದ ಅಂಚಿನಲ್ಲಿ ಕೂತರು.

"ಅವಳು ‘ಅಪ್ಪಾ, ಮರ’ ಅಂದ್ಲು," ಎಂದರು, ನೆಲ ನೋಡುತ್ತಾ. "ಇಷ್ಟು ದಿನ ಅದು ಕನಸು ಅನ್ಕೊಂಡಿದ್ದೆ. ನಿದ್ದೇಲಿದ್ದವನಿಗೆ ಹೇಗೆ ಕೇಳ್ಸುತ್ತೆ ಅಂತ. ಹಾಗಾದ್ರೆ ಅದು ನಿಜ. ಅವಳು ನನ್ನ ಮುಖ ನೋಡಿದ್ಲು. ನಾನೂ ನೋಡಿದೆ."

ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಸಮಾಧಾನ ತರುತ್ತೇನೆಂದುಕೊಂಡು ಬಂದ ಗ್ಯಾರೇಜಕ್ಕ ಗೋಡೆಗೆ ಒರಗಿ ನಿಂತುಬಿಟ್ಟಳು. ಕೆಳಗೆ ಅಚ್ಚಿನ ಯಂತ್ರ ಓಡುತ್ತಿತ್ತು, ನೆಲ ಸಣ್ಣಗೆ ಅದುರುತ್ತಿತ್ತು.

"ಮನೆಗೆ ಬನ್ನಿ," ಎಂದರು ಟೈಲರಮ್ಮ. "ತಪ್ಪಾಯ್ತು ಅಂತ ಹೇಳೋಕೂ ನನಗೆ ಮುಖ ಇಲ್ಲ. ಆದ್ರೂ ಬನ್ನಿ."

"ಬೇಡ," ಎಂದರು ಮೇಷ್ಟ್ರು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. "ನಿನ್ನ ಮೇಲೆ ಕೋಪ ಅಂತಲ್ಲ. ಅಲ್ಲಿ ಬಂದು ಏನು ಮಾಡ್ಲಿ? ಇಲ್ಲಿ ಅಭ್ಯಾಸ ಆಗ್ಹೋಗಿದೆ."

ಟೈಲರಮ್ಮ ಆವತ್ತೇ ಅಣ್ಣನ ಫೋಟೋ ಇಳಿಸಿದರು. ಅದು ಅತ್ತಿಗೆಯ ಕಿವಿಗೆ ಬಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತು, "ಸತ್ತವರ ಮೇಲೆ ಗೂಬೆ ಕೂರಿಸ್ತೀಯಾ? ನಿನ್ನ ಗಂಡನ ಪಾಪ ನನ್ನ ಗಂಡನ ತಲೆಗೆ ಕಟ್ತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಹೋದಳು. ತವರಿನ ಕಡೆಯ ದಾರಿ ಅಲ್ಲಿಗೆ ಮುಚ್ಚಿತು. ಇದೆಲ್ಲ ತಿಳಿದು ಗ್ಯಾರೇಜಕ್ಕನಿಗೆ ಊಟ ಸೇರಲಿಲ್ಲ. ಸತ್ಯ ಹೇಳಿ ಅವಳು ಯಾರಿಗೂ ಯಾರನ್ನೂ ತಂದುಕೊಟ್ಟಿರಲಿಲ್ಲ.

"ನಾನು ಸುಮ್ನಿರ್ಬೇಕಿತ್ತಾ ಚಿಕ್ಕಪ್ಪ?" ಎಂದು ಕೇಳಿದಳು.

"ಸುಮ್ನಿದ್ದಿದ್ರೆ ಅದು ನಿನ್ನ ಹೊಟ್ಟೇಲಿ ಕೊಳೀತಿತ್ತು," ಎಂದ ಚಿಕ್ಕಪ್ಪ. "ಈಗ ಅವರ ಹೊಟ್ಟೇಲಿ ಕೊಳೀತಿದೆ. ವ್ಯತ್ಯಾಸ ಏನು ಅಂತ ನನ್ನ ಕೇಳ್ಬೇಡ."

ಅಪ್ಪನ ಕಾರಿಗೆ ಬೋಲ್ಟು ಸಿಕ್ಕಿತ್ತು. ಸ್ಟೀರಿಂಗ್ ಬಾಕ್ಸಿನ ನಟ್ಟುಗಳನ್ನು ಮಾತ್ರ ದೂರದ ಊರಿನಲ್ಲಿ ಹಳೆಯ ಬಿಡಿಭಾಗಗಳ ದಾಸ್ತಾನು ಇಟ್ಟಿದ್ದವನೊಬ್ಬನಿಂದ ತರಿಸಿದಳು. ಒಂದೊಂದನ್ನೂ ಬಿಗಿದು, ಬಿಚ್ಚಿ ನೋಡಿ, ಮತ್ತೆ ಬಿಗಿದಳು. ಅಪ್ಪನಿದ್ದಾಗ ಹಾಡು ಗುನುಗುತ್ತಾ ಮಾಡುತ್ತಿದ್ದ ಕೆಲಸ ಈಗ ಬೆವರು ಬರಿಸುತ್ತಿತ್ತು. ಕಾರು ಕೊನೆಗೂ ಓಡಿತು. ಚಿಕ್ಕಪ್ಪ ಸಿಹಿ ತಂದು ಹಂಚಿದ. ಅವಳು ಬೀದಿಯ ತುದಿಯವರೆಗೂ ನಿಧಾನವಾಗಿ ಹೋಗಿ ಬಂದು ಒಳಗೆ ನಿಲ್ಲಿಸಿದಳು. ಮತ್ತೆ ಓಡಿಸಬೇಕೆಂದು ಅನ್ನಿಸಲಿಲ್ಲ.

ಸೀಟಿಗೆ ಕವರು ಹೊಲಿದುಕೊಡುತ್ತೇನೆಂದು ಟೈಲರಮ್ಮ ಹೇಳಿದ್ದರು. ಅದನ್ನು ತರಲು ಒಂದು ಭಾನುವಾರ ಸಂಜೆ ಹೋದಾಗ ಮೇಷ್ಟ್ರು ಅಲ್ಲಿದ್ದರು. ಮನೆಯೊಳಗಲ್ಲ, ಹೊರಗಿನ ಮೆಟ್ಟಿಲ ಮೇಲೆ, ಚಪ್ಪಲಿ ಕೂಡ ಬಿಡದೆ. ಕೆಲವು ಭಾನುವಾರಗಳಿಂದ ಹೀಗೆ ಬರುತ್ತಾರಂತೆ. ಟೈಲರಮ್ಮ ಬಾಗಿಲ ಒಳಗೆ ನೆಲದ ಮೇಲೆ ಕೂತು ಅಂಗಿಯೊಂದರ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದರು. ಇಬ್ಬರ ನಡುವೆ ಹೊಸ್ತಿಲು.

"ನೀರು ಕೊಡ್ಲಾ?"

"ಸಾಕು, ಆಗ್ಲೇ ಕುಡಿದೆ."

ಕತ್ತಲಾಗುತ್ತಾ ಬಂದಂತೆ ಮೇಷ್ಟ್ರು ಮೊಣಕಾಲಿಗೆ ಕೈಯೂರಿ ಎದ್ದರು. ಗ್ಯಾರೇಜಕ್ಕನಿಗೆ ತಲೆ ಬಾಗಿಸಿ, ಗೇಟು ದಾಟಿ, ಪ್ರೆಸ್ಸಿನ ಕಡೆಗೆ ನಡೆದರು. ಟೈಲರಮ್ಮ ಸೂಜಿ ಕೆಳಗಿಟ್ಟು ಗೇಟಿನವರೆಗೂ ಹೋದರು.

"ಮುಂದಿನ ವಾರ ಬರ್ತೀರಾ?"

"ನೋಡೋಣ," ಎಂದರು ಮೇಷ್ಟ್ರು, ತಿರುಗಿ ನೋಡದೆ.

ಅವರು ತಿರುವಿನಲ್ಲಿ ಮರೆಯಾದ ಮೇಲೂ ಟೈಲರಮ್ಮ ಗೇಟು ಹಾಕಲಿಲ್ಲ. ಗ್ಯಾರೇಜಕ್ಕ ಕವರುಗಳನ್ನು ಎದೆಗವಚಿಕೊಂಡು, ಹೊರಡುತ್ತೇನೆ ಎಂದು ಹೇಳಲಾರದೆ, ಪಕ್ಕದಲ್ಲಿ ನಿಂತೇ ಇದ್ದಳು.